ತೋಳಿನ ಮೇಲಿನ ಅಳತೆ

ಜನವರಿ 9

ಪ್ರೀತಿಯ ಅಪ್ಪನಿಗೆ,

ಈಜಿನಲ್ಲಿ ಪಾಸು. ಮುಳುಗು ತರಬೇತಿಯ ತೊಟ್ಟಿಯಲ್ಲೂ ಪಾಸು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನೀರಿನೊಳಗೆ ನಟ್ಟು ಬೋಲ್ಟು ಬಿಗಿಯುವ ಪರೀಕ್ಷೆಯಲ್ಲಂತೂ ನಮ್ಮ ತಂಡಕ್ಕೆಲ್ಲ ನಾನೇ ಮೊದಲು. ನಟ್ಟನ್ನು ಎಡಗೈ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕೈಜಾರಿ ಹೋಗುತ್ತದೆ ಎಂದು ಬಚ್ಚಲಿನ ಬಕೆಟ್ಟಿನಲ್ಲಿ ಕಲಿಸಿದವನು ನೀನೇ. ಮಗು ಆಡಿಕೊಳ್ಳಲಿ ಎಂದು ಕಲಿಸಿದ್ದೆ, ಈಗ ಅನುಭವಿಸು.

ನಾನು ಇಲ್ಲಿಗೆ ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ನಿಂತು ನೀನು ಏನು ಹೇಳಿದ್ದೆ ನೆನಪಿದೆಯಲ್ಲ? "ತೊಟ್ಟಿ ದಾಟು ಮೊದ್ಲು, ಆಮೇಲೆ ನನ್ನ ವಾಚು ಕಳಿಸ್ತೀನಿ." ದಾಟಿದೆ. ಕಳಿಸು.

ಮಾರ್ಚ್ ಕೊನೆಗೆ ನಮ್ಮನ್ನು ನಿಜವಾದ ಬಂದರಿನಲ್ಲಿ ಇಳಿಸುತ್ತಾರೆ. ಹಡಗೊಂದರ ಅಡಿಗೆ ಹೋಗಿ ನೀರು ತಳ್ಳುವ ಪಂಖಕ್ಕೆ ಸುತ್ತಿಕೊಂಡ ಹಗ್ಗ ಕತ್ತರಿಸಿ ಬರುವ ಕೆಲಸ. ಆಳ, ಹೊತ್ತು ತೋರಿಸುವ ಯಂತ್ರವನ್ನು ಅವರೇ ಕೊಡುತ್ತಾರೆ. ಅದು ಕೈಕೊಟ್ಟರೆ ಇರಲಿ ಎಂದು ಪ್ರತಿಯೊಬ್ಬರ ಕೈಯಲ್ಲೂ ಅವರದೇ ಒಂದು ಮುಳ್ಳಿನ ವಾಚು ಇರಲೇಬೇಕು ಅನ್ನುವುದು ನಮ್ಮ ಮೇಷ್ಟ್ರ ಹಟ. ಉಳಿದವರೆಲ್ಲ ಹೊಸದು ಕೊಂಡಿದ್ದಾರೆ. ನಾನು "ಮನೆಯಿಂದ ಬರ್ತಾ ಇದೆ" ಎಂದು ಜಂಬ ಕೊಚ್ಚಿಕೊಂಡಿದ್ದೇನೆ. ಮರ್ಯಾದೆ ಕಳೆಯಬೇಡ. ಹಳೆಯ ಪಟ್ಟಿ ಒಣಗಿರುತ್ತದೆ, ಒಂದು ಹೊಸ ರಬ್ಬರ್ ಪಟ್ಟಿ ಹಾಕಿಸಿ ಕಳಿಸು, ಸಾಕು.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎರಡು ಕಿವಿಗಳನ್ನೂ ಬಂದರಿನ ನೀರು ಇಟ್ಟುಕೊಂಡಿದೆ. ಅಮ್ಮನ ಫೋನಿಗೆ ಮೆಸೇಜು ಹಾಕಿದರೆ ಓದುವ ಮೊದಲೇ ಅಳಿಸಿಹಾಕುತ್ತೀಯ. ಆದ್ದರಿಂದ ಕಾಗದ.

ಬೇಗ ಬರೆಯುತ್ತೀಯೆಂದು ನಂಬಿದ,
ನಿನ್ನ ಮಿಡತೆ


ಜನವರಿ 24

ಮಿಡತೆಗೆ,

ಕಾಗದ ತಲುಪಿತು. ಪಾಸಾದದ್ದು ತಿಳಿಯಿತು. ಸುಳ್ಳು ಯಾಕೆ ಹೇಳಲಿ, ಈಜಿನ ಪರೀಕ್ಷೆಯಲ್ಲೇ ನಪಾಸಾಗಿ ಗಂಟುಮೂಟೆ ಕಟ್ಟಿಕೊಂಡು ಬರುತ್ತೀಯ ಅಂದುಕೊಂಡಿದ್ದೆ. ಆ ಧೈರ್ಯದ ಮೇಲೆಯೇ ಮಾತು ಕೊಟ್ಟಿದ್ದು.

ವಾಚನ್ನು ಬೀರುವಿನಿಂದ ತೆಗೆದೆ. ಕೀಲಿ ಕೊಟ್ಟರೆ ನಡೆಯುತ್ತದೆ, ಮುಖದ ಸುತ್ತಲಿನ ಬಳೆಯೂ ತಿರುಗುತ್ತದೆ. ಪಟ್ಟಿ ಮಾತ್ರ ಕೈಗೆತ್ತಿಕೊಂಡ ಕೂಡಲೇ ಬಿಸ್ಕತ್ತಿನ ಹಾಗೆ ಮುರಿಯಿತು. ಗಡಿಯಾರದಂಗಡಿಗೆ ಹೋದೆ. ಅಲ್ಲಿಂದ ಶುರುವಾಯಿತು ತಲೆನೋವು.

ಪಟ್ಟಿ ಕೂರುವ ಜಾಗದ ಅಗಲ ಹತ್ತೊಂಬತ್ತು ಮಿಲಿಮೀಟರು. ಅಂಗಡಿಯಲ್ಲಿ ಹದಿನೆಂಟಿದೆ, ಇಪ್ಪತ್ತಿದೆ, ಹತ್ತೊಂಬತ್ತು ಲೋಕದಲ್ಲೇ ಇಲ್ಲವಂತೆ. ಹದಿನೆಂಟು ಹಾಕಿದರೆ ಅತ್ತಿತ್ತ ಓಡಾಡುತ್ತದೆ. ಇಪ್ಪತ್ತು ತುರುಕಿದರೆ ಅಂಚು ಮುದುಡಿಕೊಳ್ಳುತ್ತದೆ. ಅದೂ ಸಾಲದು ಎಂಬಂತೆ ಅವನ ಹತ್ತಿರ ಇರುವುದೆಲ್ಲ ಎರಡು ತುಂಡಿನ ಪಟ್ಟಿಗಳು, ಸ್ಪ್ರಿಂಗ್ ಕಡ್ಡಿ ಬಿಚ್ಚಿ ಸಿಕ್ಕಿಸುವಂಥವು. ನನ್ನ ವಾಚಿನಲ್ಲಿ ಬಿಚ್ಚುವ ಕಡ್ಡಿ ಎಲ್ಲಿದೆ? ಎರಡೂ ಕಡೆ ಕಂಬಿ ಬೆಸೆದಿದೆ. ಒಂದೇ ಉದ್ದದ ಪಟ್ಟಿಯನ್ನು ಒಂದು ಕಂಬಿಯ ಕೆಳಗೆ ತೂರಿಸಿ, ವಾಚಿನ ಬೆನ್ನಿನ ಹಿಂದಿನಿಂದ ಹಾಯಿಸಿ, ಇನ್ನೊಂದು ಕಂಬಿಯಿಂದ ಹೊರಗೆಳೆಯಬೇಕು. ರಬ್ಬರ್ ಸ್ವಲ್ಪ ದಪ್ಪವಾದರೂ ಒಳಗೆ ಹೋಗುವುದಿಲ್ಲ.

ಅಂಗಡಿಯವನು ಏನೋ ಕಿರುಚಿದ. ಕೇಳಿಸುವುದಿಲ್ಲ, ಚೀಟಿಯಲ್ಲಿ ಬರಿ ಅಂದೆ. ಬರೆದ: "ಕಂಬಿ ಕುಯ್ದು ಹಾಕಿ ಸ್ಪ್ರಿಂಗ್ ಕಡ್ಡಿ ಕೂರಿಸ್ತೀನಿ ಯಜಮಾನ್ರೇ, ಅರ್ಧ ಗಂಟೆ ಕೆಲಸ." ಅದೇ ಚೀಟಿಯ ಹಿಂದೆ ನಾನೂ ಒಂದು ಮಾತು ಬರೆದುಕೊಟ್ಟು ಬಂದೆ. ಅದನ್ನು ಮಗಳಿಗೆ ಬರೆಯುವಂತಿಲ್ಲ.

ಸ್ಪ್ರಿಂಗ್ ಕಡ್ಡಿ ಹಾರಿದರೆ ಏನಾಗುತ್ತದೆ ಎಂದು ಅವನಿಗೇನು ಗೊತ್ತು. ಅವತ್ತು ನನ್ನದು ಹಾರಿ, ಕೆಸರು ನೀರಿನಲ್ಲಿ ವಾಚು ಕೈಬಿಟ್ಟು ಹೋಯಿತು, ಎಷ್ಟು ಹೊತ್ತು ಕೆಳಗಿದ್ದೆನೋ ತಿಳಿಯದೆ ಇರಬೇಕಾದ್ದಕ್ಕಿಂತ ಹೆಚ್ಚು ಇದ್ದು ಮೇಲೆ ಬಂದೆ. ಮಾರನೆಯ ದಿನ ಜೊತೆಯವರು ಕೆಸರಿನಲ್ಲಿ ಹುಡುಕಿ ವಾಚನ್ನು ತಂದುಕೊಟ್ಟರು. ಕಿವಿಯನ್ನು ತಂದುಕೊಡುವವರು ಯಾರೂ ಇರಲಿಲ್ಲ.

ಸರಿಯಾದ ಪಟ್ಟಿ ಸಿಗುವವರೆಗೆ ಕಳಿಸಲಾರೆ. ಅವಸರವಿದ್ದರೆ ಹೊಸದು ಕೊಂಡುಕೋ. ಇಲ್ಲವೇ ನೆಲದ ಮೇಲೆ ಮಾಡುವ ಕೆಲಸಗಳೂ ಇವೆ, ಯೋಚಿಸು.

ಅಪ್ಪ

(ಇದು ಅಮ್ಮ. ಅಂಗಡಿಯಲ್ಲಿ ಇವರ ಕೂಗಾಟಕ್ಕೆ ಬೀದಿಯೇ ಸೇರಿತ್ತು. ನಿಲ್ಲಿಸಿ ಎಂದು ತೋಳು ಎಳೆದೆ, ಎಳೆದೆ, ತಿರುಗಿಯೂ ನೋಡಲಿಲ್ಲ. ಚಳಿಗೆ ಕಾಲುಚೀಲ ಹಾಕಿಕೋ.)


ಫೆಬ್ರವರಿ 2

ಪ್ರೀತಿಯ ಅಪ್ಪನಿಗೆ,

ನಿನ್ನ ಹತ್ತೊಂಬತ್ತು ಮಿಲಿಮೀಟರು ಈ ಕವರಿನಲ್ಲಿದೆ. ಇಲ್ಲಿನ ಉಗ್ರಾಣದಲ್ಲಿ ನೀರಿಗಿಳಿಯುವ ಮುಖವಾಡಗಳಿಗೆ ಹಾಕುವ ತೆಳು ರಬ್ಬರಿನ ಸುರುಳಿ ಇತ್ತು. ಉಗ್ರಾಣದವಳನ್ನು ಕಾಡಿಬೇಡಿ ಒಂದು ಮೊಳ ಕೇಳಿ ತಂದೆ, ಅಂಚು ಸವರಿ ಅಗಲ ಸರಿಮಾಡಿದೆ, ವಾಚಿನ ಕಂಬಿಯ ಕೆಳಗಿರುವಷ್ಟೇ ಸಂದಿಯಲ್ಲಿ ತೂರಿಸಿ ನೋಡಿದೆ. ಬೆಣ್ಣೆಯ ಹಾಗೆ ಹೋಗುತ್ತದೆ. ಬಕಲ್ಲು ಕೂರಿಸಿದ್ದೇನೆ. ಉದ್ದವನ್ನು ಬೇಕೆಂದೇ ಜಾಸ್ತಿ ಬಿಟ್ಟಿದ್ದೇನೆ, ಮುಳುಗುವಾಗ ಹಾಕುವ ಸೂಟಿನ ತೋಳಿನ ಮೇಲೆ ಕಟ್ಟಬೇಕಲ್ಲ.

ನೀನು ಮಾಡಬೇಕಾದ್ದು ಇಷ್ಟೇ: ತೂರಿಸುವುದು, ತೂತು ಹೊಡೆಯುವುದು. ಇಲ್ಲೂ ಉಳಿ ಇದೆ, ನಾನೂ ಹೊಡೆಯಬಹುದು. ಆದರೆ ತೂತು ನಿನ್ನ ಉಳಿಯಿಂದಲೇ ಆಗಲಿ. ಚಿಕ್ಕವಳಿದ್ದಾಗ ಅದನ್ನು ನೆಲದ ಮೇಲೆ ಕುಟ್ಟಿ ಬಾಯಿ ಮೊಂಡು ಮಾಡಿದ್ದಕ್ಕೆ "ಇನ್ನೊಂದ್ಸಲ ಮುಟ್ಟಿದ್ರೆ ನೋಡು" ಎಂದು ಅಟ್ಟದ ಮೇಲೆ ಇಟ್ಟೆಯಲ್ಲ, ಅದೇ ಉಳಿ. ನಾನು ಇನ್ನೂ ಮುಟ್ಟಿಲ್ಲ.

ಹೊಸದನ್ನು ಕೊಳ್ಳುವುದು ದೊಡ್ಡ ವಿಷಯವಲ್ಲ ಅಪ್ಪ. ಕೊಂಡರೆ ನಿನಗೆ ಹೇಳದೆ ಕದ್ದು ಇಳಿದ ಹಾಗಾಗುತ್ತದೆ. ನನಗೆ ಅದು ಬೇಡ.

ಅಮ್ಮನಿಗೆ ಹೇಳು: ಮುಳುಗಿದವರೂ ದಡದವರೂ ಮಾತಾಡುವ ಹಗ್ಗದ ಭಾಷೆ ಇಲ್ಲಿಯೂ ನಮ್ಮ ಮನೆಯದೇ. ಒಂದೆಳೆತ ಅಂದರೆ ನಿಲ್ಲು, ಎರಡೆಳೆತ ಅಂದರೆ ಕೂಡಲೇ ಬಾ, ಮೂರು ಅಂದರೆ ಕ್ಷೇಮವಾಗಿ ಮೇಲೆ ಬಂದೆ. ಊಟಕ್ಕೆ ಕರೆಯಲು ನಿನ್ನ ತೋಳನ್ನು ಎರಡು ಸಲ ಎಳೆಯುತ್ತಾಳೆ ಅಂದಾಗ ತರಗತಿಯೇ ಬಿದ್ದು ಬಿದ್ದು ನಕ್ಕಿತು.

ಈಗ ಯಾವ ನೆಪವೂ ಉಳಿದಿಲ್ಲ ಎಂದು ತಿಳಿಸುತ್ತಾ,
ಮಿಡತೆ


ಫೆಬ್ರವರಿ 18

ಮಿಡತೆಗೆ,

ರಬ್ಬರ್ ಪರವಾಗಿಲ್ಲ. ಹಾಕಿದ್ದೇನೆ. ತೂತು ಹೊಡೆದಿದ್ದೇನೆ. ವಾಚು ಡಬ್ಬಿಯಲ್ಲಿದೆ, ಹತ್ತಿ ಸುತ್ತಿದೆ. ಸಹಿ ಮಾಡಿ ತೆಗೆದುಕೋ.

ನಮ್ಮ ಬೀದಿಯ ಶಾಲೆಯಲ್ಲಿ ಈಜು ಕಲಿಸುವವರು ಬೇಕಂತೆ. ಕೇಳಿದರು, ಬರೆದಿದ್ದೇನೆ ಅಷ್ಟೇ.

ಅಪ್ಪ


ಫೆಬ್ರವರಿ 26

ತೀರ್ಥರೂಪರಿಗೆ,

ತಾವು ಕಳಿಸಿದ ಡಬ್ಬಿ ತಲುಪಿತು. ತಮ್ಮ ವಾಚು ನನ್ನ ಬರಿಗೈಗೆ ಬಹಳ ಚೆನ್ನಾಗಿ ಕೂರುತ್ತದೆ. ಮದುವೆಮನೆಗೆ ಕಟ್ಟಿಕೊಂಡು ಹೋಗಬಹುದು. ಮೇಜಿನ ಹಿಂದೆ ಕೂತು ಕೆಲಸ ಮಾಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಸೂಟು ಹಾಕಿಕೊಂಡು ತೋಳಿನ ಮೇಲೆ ಸುತ್ತಿದರೆ ಪಟ್ಟಿಯ ತುದಿ ಬಕಲ್ಲಿನ ಹತ್ತಿರಕ್ಕೂ ಬರುವುದಿಲ್ಲ.

ನಾನು ಬಿಟ್ಟಿದ್ದ ಉದ್ದದಲ್ಲಿ ನಾಲ್ಕು ಬೆರಳಿನಷ್ಟನ್ನು ಕತ್ತರಿಸಿ ಹಾಕಿದ್ದೀರಿ. ಕಣ್ಣು ಕಾಣದೆ ಕತ್ತರಿಸಿದ್ದಲ್ಲ, ತುದಿಯನ್ನು ಎಷ್ಟು ನಾಜೂಕಾಗಿ ಗುಂಡಗೆ ಉಜ್ಜಿದ್ದೀರಿ! ಇಡೀ ಜೀವಮಾನ ಸೂಟಿನ ಮೇಲೆ ವಾಚು ಕಟ್ಟಿದವರು ನೀವು. ಉದ್ದ ಎಷ್ಟು ಬೇಕೆಂದು ನಿಮಗೆ ಗೊತ್ತಿಲ್ಲ ಅಂದರೆ ನಾನು ನಂಬಬೇಕೇ? "ಹೋಗಬೇಡ" ಎನ್ನುವ ಒಂದು ಪದ ಬರೆಯಲಾಗದೆ ನನ್ನ ಪಟ್ಟಿಯನ್ನು ಕತ್ತರಿಸಿದಿರಿ. ನನಗೆ ಮೈಯೆಲ್ಲ ಉರಿಯುತ್ತಿದೆ. ಮೇಷ್ಟ್ರ ಮುಂದೆ ಡಬ್ಬಿ ತೆರೆದು, ಕಟ್ಟಿ ತೋರಿಸಲು ಹೋಗಿ, ಎಲ್ಲರೂ ನೋಡುತ್ತಿರುವಾಗ ಪೆಚ್ಚಾಗಿ ನಿಂತೆ.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಕಡ್ಡಿ ಹಾರಿ, ಕಿವಿ ಹೋಗಿ, ಇನ್ನೆಂದೂ ನೀರಿಗೆ ಇಳಿಯುವಂತಿಲ್ಲ ಎಂದು ವೈದ್ಯರು ಹೇಳಿದ ಮೇಲೆ ತಾನೇ ನೀವು ಒಡವೆ ಮಾಡುವವನ ಹತ್ತಿರ ಹೋಗಿ ಈ ಕಂಬಿಗಳನ್ನು ಬೆಸೆಯಿಸಿದ್ದು? ನಾನು ಜೊತೆಯಲ್ಲಿದ್ದೆ, ನಿಮ್ಮ ಬೆರಳು ಹಿಡಿದುಕೊಂಡು ನಿಂತಿದ್ದೆ. "ಇನ್ನು ಇದು ಯಾವತ್ತೂ ಹಾರಲ್ಲ" ಅಂದಿರಿ. ಬೀರುವಿನಲ್ಲಿ ಇಡುವ ವಾಚು ಎಲ್ಲಿಗೆ ಹಾರುತ್ತದೆ? ಯಾರಿಗಾಗಿ ಬೆಸೆಯಿಸಿದಿರಿ?

ವಾಚನ್ನು ಹಿಂದಕ್ಕೆ ಕಳಿಸಿದ್ದೇನೆ. ಜೊತೆಗೆ ಇನ್ನೊಂದು ಮೊಳ ರಬ್ಬರೂ ಇದೆ. ಇದು ಕೊನೆಯದು.

ಇಂತಿ ತಮ್ಮ ಮಗಳು


ಮಾರ್ಚ್ 6

ಪುಟ್ಟ,

ಅಮ್ಮ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಇವರು ಮೂರು ಹೊತ್ತು ಮುಖ ಊದಿಸಿಕೊಂಡಿದ್ದಾರೆ. "ರಬ್ಬರೇ ಸರಿ ಇರಲಿಲ್ಲ" ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು "ತೀರ್ಥರೂಪರು ಅಂತ ಬರೆದಿದ್ದಾಳೆ ನೋಡು, ನನಗೆ!" ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ ಇರಬೇಕು.

ನೀನು ಇಳಿಯುವುದು ನನಗೂ ಇಷ್ಟವಿಲ್ಲ. ನಾನು ಅದನ್ನು ನಿನ್ನ ಮುಖಕ್ಕೇ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ನಾನು ಬಾಯಲ್ಲಿ ಹೇಳುತ್ತೇನೆ, ಅವರು ರಬ್ಬರಿನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಇವರು ಇಳಿಯುತ್ತಿದ್ದ ಕಾಲದಲ್ಲಿ ನಾನು ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಉಕ್ಕಿದ ಹಾಲು ಎಷ್ಟೋ. ಆಗ ಇವರು ನಗುತ್ತಿದ್ದರು. ಈಗ ಇವರು ಕೂತಲ್ಲಿ ಕೂರುತ್ತಿಲ್ಲ, ನಿನ್ನೆ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಮನೆಯೆಲ್ಲ ನೀರು ಮಾಡಿದರು. ನಾನು ನಗಲಿಲ್ಲ, ಬೈದೆ.

ಕಂಬಿಯ ಮಾತು ಓದಿದಾಗ ಮಾತ್ರ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಯಾಕೆ ಬೆಸೆಯಿಸಿದಿರಿ ಎಂದು ಚೀಟಿಯಲ್ಲಿ ಬರೆದು ನಾನೂ ಕೇಳಿದೆ. ಕೇಳಿಸಲಿಲ್ಲ ಅಂದರು. ಚೀಟಿ ಕೇಳಿಸಲಿಲ್ಲವಂತೆ!

ನೀನು ಸ್ವಲ್ಪ ಬಗ್ಗು. ಅಪ್ಪ ಮಗಳ ನಡುವೆ ನಾನು ಎಷ್ಟೂಂತ ಹಗ್ಗ ಹಿಡಿಯಲಿ.

ಆಶೀರ್ವಾದಗಳೊಂದಿಗೆ,
ಅಮ್ಮ


ಮಾರ್ಚ್ 11

ಅಪ್ಪ,

ಬಗ್ಗುವುದಿಲ್ಲ. ಇಪ್ಪತ್ತೆಂಟಕ್ಕೆ ಇಳಿಯುತ್ತೇನೆ. ನಿನ್ನ ವಾಚು ಬಂದರೆ ಅದನ್ನು ಕಟ್ಟಿಕೊಂಡು, ಬರದಿದ್ದರೆ ಮೇಷ್ಟ್ರದ್ದನ್ನು ಕೇಳಿ ಕಟ್ಟಿಕೊಂಡು. ನಿನ್ನ ಅಪ್ಪಣೆಗೆ ಕಾದು ಸಾಕಾಯಿತು. ಬೇರೆಯವರ ವಾಚು ಕಟ್ಟಿಕೊಂಡು ಇಳಿದ ದಿನ ನನಗೆ ಅಳು ಬರುತ್ತದೆ, ಮುಖವಾಡದೊಳಗೆ ಅತ್ತರೆ ಗಾಜು ಮಬ್ಬಾಗುತ್ತದೆ, ಮಬ್ಬಾದರೆ ಕೆಲಸ ಕೆಡುತ್ತದೆ. ಅದು ನಿನ್ನ ತಲೆಯ ಮೇಲೆ.

ಮಿಡತೆ


ಮಾರ್ಚ್ 17

ಮಿಡತೆಗೆ,

ವಾಚು ಕಳಿಸಿದ್ದೇನೆ.

ಓದಿ ಬಿಸಾಡಬೇಡ, ಹೇಳಿದ ಹಾಗೆ ಮಾಡು. ಬಕಲ್ಲು ಹೆಬ್ಬೆರಳಿನ ಕಡೆಗೆ ಬರಲಿ. ಪಟ್ಟಿಯ ಬಾಲವನ್ನು ಎರಡು ಕುಣಿಕೆಗಳೊಳಗೂ ತೂರಿಸು, ಒಂದನ್ನು ಬಿಟ್ಟರೆ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಇಳಿಯುವ ಮುಂಚೆ ಕೀಲಿ ಪೂರ್ತಿ ಕೊಡು, ಕೊಟ್ಟ ಮೇಲೆ ಕೀಲಿಯ ತಿರುಪನ್ನು ಬಿಗಿ ಮಾಡಿದೆಯಾ ಎಂದು ಉಗುರಿನಲ್ಲಿ ಮುಟ್ಟಿ ನೋಡು. ಮುಖದ ಸುತ್ತಲಿನ ಬಳೆಯ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಸೇರಿಸಿ ಇಳಿ, ಅಲ್ಲಿಂದ ಹೊತ್ತು ಎಣಿಸು. ಕೆಳಗೆ ಕೆಲಸ ಮುಗಿಯಲಿ ಬಿಡಲಿ, ಹೊತ್ತಾದರೆ ಬಿಟ್ಟು ಬಾ. ಹಗ್ಗ ಅಲ್ಲೇ ಇರುತ್ತದೆ, ಹಡಗೂ ಅಲ್ಲೇ ಇರುತ್ತದೆ.

ಈ ಸಲ ಉದ್ದ ಸರಿಯಾಗಿದೆ. ಅಳತೆ ಹಿಡಿದೇ ತೂತು ಹೊಡೆದಿದ್ದೇನೆ. ಒಂದೇ ತೂತು, ಹೆಚ್ಚು ತೂತು ಇದ್ದಷ್ಟೂ ಪಟ್ಟಿ ಬಡವಾಗುತ್ತದೆ.

ನಿನ್ನ ಪ್ರಶ್ನೆ ಓದಿದ್ದೇನೆ.

ಅಪ್ಪ


ಮಾರ್ಚ್ 23

ಅಪ್ಪ,

ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮೊದಲು ಗಿಡ್ಡ, ಈಗ ಸಡಿಲ! ತೋಳಿನ ಮೇಲೆ ಕಟ್ಟಿ ಕೈ ಇಳಿಬಿಟ್ಟರೆ ವಾಚು ಸುತ್ತು ಹೊಡೆದು ಅಂಗೈ ಕಡೆಗೆ ಬರುತ್ತದೆ, ಎತ್ತಿದರೆ ಮೊಣಕೈಗೆ ಜಾರುತ್ತದೆ. ಎರಡು ಬೆರಳು ಒಳಗೆ ಹೋಗುವಷ್ಟು ಜಾಗ. ಹಾಸಿಗೆ ಪಕ್ಕ ಕೂತು ಜೋರಾಗಿ ಬೈದೆ, ನಿನ್ನನ್ನೇ. ಕೋಣೆಯ ಗೆಳತಿ ಎದ್ದು ಹೊರಗೆ ಹೋದಳು.

ಇನ್ನೊಂದು ಉಗ್ರ ಕಾಗದ ಬರೆಯಬೇಕೆಂದು ಕೂತವಳು ಪಟ್ಟಿಯನ್ನು ಮೂಗಿನ ಹತ್ತಿರ ತಂದೆ. ನುಸಿಗುಳಿಗೆಯ ವಾಸನೆ. ಅಟ್ಟದ ಮೇಲಿನ ಟ್ರಂಕಿನ ವಾಸನೆ.

ಅಪ್ಪ, ನೀನು ಸೂಟು ತೆಗೆದೆ. ಕಿವಿ ಹೋದ ವರ್ಷ ಟ್ರಂಕಿಗೆ ಬೀಗ ಹಾಕಿ "ನಾನಿರೋವರೆಗೆ ಇದನ್ನ ಯಾರೂ ತೆಗೀಬಾರದು" ಅಂದಿದ್ದೆಯಲ್ಲ, ಅದೇ ಸೂಟು. ಅದನ್ನು ಹಾಕಿಕೊಂಡು, ಒಳಗೆ ಆ ಕಾಲದ ಹಾಗೆ ಉಣ್ಣೆಯ ಅಂಗಿಯನ್ನೂ ಹಾಕಿಕೊಂಡು, ನಿನ್ನ ತೋಳಿನ ಮೇಲೆ ನನ್ನ ಪಟ್ಟಿಯನ್ನು ಸುತ್ತಿ ಅಳತೆ ಹಿಡಿದಿದ್ದೀಯ. ಈಗಿನ ಸೂಟುಗಳು ಅಷ್ಟು ದಪ್ಪವಿಲ್ಲ ಅಪ್ಪ. ನಿನ್ನದು ಹಾಸಿಗೆಯಷ್ಟು ದಪ್ಪ. ನಿನಗೆ ಗೊತ್ತಾಗುವುದಾದರೂ ಹೇಗೆ, ಹೊಸ ಸೂಟನ್ನು ನೀನು ಮುಟ್ಟಿಯೇ ಇಲ್ಲ.

ಹೋದ ಸಲದ್ದು ಬೇಕೆಂದು ಮಾಡಿದ ತಪ್ಪು. ಈ ಸಲದ್ದು ನಿಜವಾದ ತಪ್ಪು. ನನಗೆ ಇದು ಸಾಕು.

ಮತ್ತೆ ಕಳಿಸಿ ತರಿಸಲು ಈಗ ಹೊತ್ತಿಲ್ಲ. "ತಾ ಇಲ್ಲಿ, ಇನ್ನೊಂದು ತೂತು ಹೊಡೆದು ಕೊಡ್ತೀನಿ" ಎಂದು ಮೇಷ್ಟ್ರು ಕೈ ಚಾಚಿದರು. ಕೊಡಲಿಲ್ಲ. ಪಟ್ಟಿಯ ಕೆಳಗೆ ರಬ್ಬರಿನ ಚೂರು ಮಡಿಸಿಟ್ಟು ಇಳಿಯುತ್ತೇನೆ.

ಇನ್ನೂ ಸಿಟ್ಟು ಪೂರ್ತಿ ಇಳಿಯದ,
ನಿನ್ನ ಮಿಡತೆ


ಮಾರ್ಚ್ 29

ಪ್ರೀತಿಯ ಅಪ್ಪನಿಗೆ,

ಇಳಿದೆ. ಬಂದೆ. ಅಮ್ಮ ಹೇಳಿರುತ್ತಾಳೆ, ಆದರೂ ನಿನಗೆ ನಾನೇ ಬರೆಯಬೇಕು.

ಕೆಳಗೆ ಏನೂ ಕಾಣುವುದಿಲ್ಲ ಎಂದು ನೀನು ಹೇಳಿದ್ದು ನಿಜ. ಕೆಸರು ಕಣ್ಣಿಗೆ ಒತ್ತಿಕೊಂಡು ಕೂತಿರುತ್ತದೆ. ಪಂಖಕ್ಕೆ ಸುತ್ತಿದ್ದ ಹಗ್ಗ ನನ್ನ ತೊಡೆಯಷ್ಟು ದಪ್ಪ, ಚಾಕು ಜಾರುತ್ತದೆ, ಕೈ ಸೋಲುತ್ತದೆ. ಮಡಿಸಿಟ್ಟಿದ್ದ ರಬ್ಬರಿನ ಚೂರು ಇಳಿದ ಕೂಡಲೇ ತೇಲಿ ಹೋಯಿತು. ಅಲ್ಲಿಂದ ನಿನ್ನ ವಾಚು ತನ್ನ ಆಟ ಶುರುಮಾಡಿತು. ನೋಡಬೇಕೆಂದಾಗ ಅದು ತೋಳಿನ ಕೆಳಗಿರುತ್ತಿತ್ತು. ಚಾಕು ನಿಲ್ಲಿಸಿ, ಬಲಗೈಯಲ್ಲಿ ಹುಡುಕಿ, ತಿರುಗಿಸಿ, ಮುಖವಾಡದ ಗಾಜಿಗೆ ಒತ್ತಿ ಹಿಡಿದು ನೋಡಬೇಕು. ಪ್ರತಿ ಸಲ ನಿನ್ನನ್ನು ಬೈದೆ, ಅವರು ಕೊಟ್ಟ ಯಂತ್ರವಿದ್ದರೂ ಪ್ರತಿ ಸಲ ನಿನ್ನ ವಾಚಿನಲ್ಲೇ ಹೊತ್ತು ನೋಡಿದೆ.

ಹಗ್ಗದ ಕೊನೆಯ ಸುತ್ತು ಇನ್ನೇನು ಕಳಚಬೇಕು ಅನ್ನುವಾಗ ಹೊತ್ತಾಯಿತು. ಒಂದು ನಾಲ್ಕು ಸಲ ಚಾಕು ಎಳೆದಿದ್ದರೆ ಮುಗಿದೇಹೋಗುತ್ತಿತ್ತು. ಎಷ್ಟು ಹೊಟ್ಟೆ ಉರಿಯಿತು ಗೊತ್ತಾ! ಬಿಟ್ಟು ಬಂದೆ. ಮೇಷ್ಟ್ರು ಬೈಯಲಿಲ್ಲ, ಇನ್ನೊಬ್ಬರನ್ನು ಇಳಿಸಿದರು. ನಾನು ಬಿಟ್ಟು ಬಂದ ಹಗ್ಗವನ್ನು ಇನ್ನೊಬ್ಬರು ಬಿಡಿಸಿ ತಂದದ್ದನ್ನು ದಡದಲ್ಲಿ ಕೂತು ನೋಡಿದೆ. ಪಾಸು ಮಾಡಿದರು, ಅದು ಬೇರೆ.

ವಾಚು ಕಳಿಸಲೇ? ಇನ್ನೊಂದು ತೂತು ಬೇಕೇಬೇಕು.

ನಿನ್ನ ಮಿಡತೆ


ಏಪ್ರಿಲ್ 6

ಮಿಡತೆಗೆ,

ಮುಗಿಯದ ಕೆಲಸ ಬಿಟ್ಟು ಬರುವುದು ನನಗೆ ಯಾವತ್ತೂ ಆಗಲಿಲ್ಲ. ನೀನು ಬಂದೆ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನೀನು ಇಳಿದ ದಿನದ್ದು ಹೇಳುತ್ತೇನೆ. ನಿನ್ನಮ್ಮ ಫೋನು ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದಳು. ನಾನು ಅವಳಿಗೆ ಬೆನ್ನು ಹಾಕಿ ಹಳೆಯ ಚಪ್ಪಲಿ ಹೊಲಿಯುತ್ತಿದ್ದೆ. ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಹಿಂದಿನಿಂದ ತೋಳು ಎಳೆದಳು. ಒಂದು. ಎರಡು. ಅಲ್ಲಿಗೇ ನಿಲ್ಲಿಸಿಬಿಟ್ಟಳು. ಎರಡು ಅಂದರೆ ಕೂಡಲೇ ಬಾ ಎಂದು ನಿನಗೆ ಗೊತ್ತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಆಮೇಲೆ ಮೂರನೆಯದು ಎಳೆದಳು. ನೋಡಿದರೆ, ಎರಡು ಎಳೆದಷ್ಟರಲ್ಲಿ ಅವಳಿಗೆ ಅಳು ಉಕ್ಕಿ ಕೈ ನಿಂತುಹೋಗಿತ್ತಂತೆ. ಹಗ್ಗ ಹಿಡಿದವರು ನಡುವೆ ಅಳುವಂತಿಲ್ಲ ಎಂದು ಬೈದೆ. ಅವಳೂ ಬೈದಳು, ಕೇಳಿಸಲಿಲ್ಲ. ಇಬ್ಬರೂ ಆ ದಿನ ಊಟ ಮಾಡಿದಾಗ ಹೊತ್ತು ಮೀರಿತ್ತು.

ಕಂಬಿ ಬೆಸೆಯಿಸುವಾಗ ನೀನು ನನ್ನ ಬೆರಳು ಹಿಡಿದುಕೊಂಡಿದ್ದೆ. ಹಾಗಿರುವಾಗ ಯಾರಿಗಾಗಿ ಎಂದು ಕೇಳುತ್ತೀಯಲ್ಲ.

ವಾಚು ಕಳಿಸಬೇಡ. ಈ ಡಬ್ಬಿಯಲ್ಲಿ ಉಳಿ ಇದೆ. ನೀನು ಮೊಂಡು ಮಾಡಿದ್ದ ಬಾಯನ್ನು ಸಾಣೆ ಹಿಡಿದಿದ್ದೇನೆ. ಸೂಟು ಹಾಕಿಕೊಂಡು ನಿನ್ನ ತೋಳಿನ ಮೇಲೆಯೇ ಅಳತೆ ತೆಗೆದುಕೋ, ನನ್ನ ಅಳತೆ ಈಗ ನಡೆಯುವುದಿಲ್ಲ. ಗುರುತು ಹಾಕಿ, ಕೆಳಗೆ ಮರದ ಹಲಗೆ ಇಟ್ಟು, ಒಂದೇ ಏಟು ಹೊಡಿ. ನೆಲದ ಮೇಲೆ ಮಾತ್ರ ಬೇಡ. ಮೊದಲನೆಯದು ಸೊಟ್ಟ ಬರುತ್ತದೆ, ನನ್ನದೂ ಬಂದಿತ್ತು.

ಉಳಿಯನ್ನು ವಾಪಸು ಕಳಿಸಬೇಡ.

ನಿನ್ನ ಅಪ್ಪ